ಪಾಳು ಕಟ್ಟಡಗಳ ಛಾಯಾಚಿತ್ರಗಳು

ಈಚಿನ ವರ್ಷಗಳಲ್ಲಿ ನಮ್ಮ ತರುಣರಲ್ಲಿ ಒಂದು ಹೊಸ ಹವ್ಯಾಸವು ಹಬ್ಬಿದೆ. ಜನರು ಬಿಟ್ಟುಹೋದ ಮನೆ, ಛತ್ರ, ಗಿರಣಿ, ಚರ್ಚುಗಳನ್ನೂ, ತುಕ್ಕು ಹಿಡಿದು ಬೇಲಿಯ ಮರೆಯಲ್ಲಿ ನಿಂತ ಮೋಟಾರುಗಳನ್ನೂ ಹುಡುಕಿಕೊಂಡು ಹೋಗಿ ಅವುಗಳ ಛಾಯಾಚಿತ್ರಗಳನ್ನು ತೆಗೆಯುವುದೇ ಆ ಹವ್ಯಾಸ. ಏತಕ್ಕೆಂದು ಕೇಳಿದರೆ, ಗತಕಾಲದ ದಾಖಲೆಗಾಗಿ ಎಂದು ಉತ್ತರ ಬರುತ್ತದೆ. ಉದ್ದೇಶವು ಶ್ಲಾಘ್ಯವಾದುದೇ ಸರಿ. ಆದರೆ ಇಂತಹ ಚಿತ್ರವು ಯಾವಾಗ ದಾಖಲೆಯೆನಿಸುತ್ತದೆ, ಯಾವಾಗ ಬರಿಯ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ ಎಂಬುದನ್ನು ವಿಚಾರಮಾಡಿದವರು ವಿರಳ. ಆ ವಿಚಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಾಳುಬಿದ್ದ ಊರನ್ನು ವರ್ಣಿಸತಕ್ಕ ಕ್ರಮವನ್ನು ಕಾಳಿದಾಸನು ರಘುವಂಶದ ಹದಿನಾರನೆಯ ಸರ್ಗದಲ್ಲಿ ತೋರಿಸಿಕೊಟ್ಟಿದ್ದಾನೆ. ಕುಶಾವತಿಯಲ್ಲಿದ್ದ ಕುಶನ ಬಳಿಗೆ ಅಯೋಧ್ಯೆಯ ಅಧಿದೇವತೆಯು ಅರ್ಧರಾತ್ರಿಯಲ್ಲಿ ಬಂದು ತನ್ನ ದುರವಸ್ಥೆಯನ್ನು ನಿವೇದಿಸುತ್ತಾಳೆ. ಕಾಲಂದುಗೆಯ ಸದ್ದು ಕೇಳುತ್ತಿದ್ದ ರಾಜಬೀದಿಯಲ್ಲಿ ಈಗ ನರಿಗಳು ಅಲೆಯುತ್ತಿವೆ. ಸ್ತ್ರೀಯರ ಕೈತಾಡನದಿಂದ ಮೃದಂಗದಂತೆ ನುಡಿಯುತ್ತಿದ್ದ ಕೊಳದ ನೀರನ್ನು ಈಗ ಕಾಡುಕೋಣಗಳ ಕೊಂಬು ಕಲಕುತ್ತಿದೆ. ಅರಗಿನ ಬಣ್ಣದ ಪಾದಗಳು ಏರುತ್ತಿದ್ದ ಮೆಟ್ಟಿಲ ಮೇಲೆ ಈಗ ಹುಲಿಯ ನೆತ್ತರ ಹೆಜ್ಜೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಬಹುಮಟ್ಟಿಗೆ ಪ್ರತಿಯೊಂದು ಶ್ಲೋಕಕ್ಕೂ ಎರಡು ಪಾರ್ಶ್ವಗಳಿವೆ: ಒಂದು ‘ಅಂದು’, ಒಂದು ‘ಇಂದು’. ಅಂದಿನ ಪಾರ್ಶ್ವವನ್ನು ಅಳಿಸಿಬಿಟ್ಟರೆ ಉಳಿಯುವುದು ಯಾವುದೋ ಒಂದು ಕಾಡಿನ ವರ್ಣನೆ, ಅಯೋಧ್ಯೆಯಲ್ಲ. ಎರಡನ್ನೂ ಕೇಳಿದ್ದರಿಂದಲೇ ಕುಶನು ಕುಶಾವತಿಯನ್ನು ಶ್ರೋತ್ರಿಯರಿಗೆ ಒಪ್ಪಿಸಿ, ತನ್ನ ಊರಿಗೆ ಹಿಂದಿರುಗಿ, ಶಿಲ್ಪಿಗಳಿಂದ ಅದನ್ನು ನವೀಕರಿಸಿದನು.

ಛಾಯಾಚಿತ್ರದ ಸ್ವಭಾವವು ಇದಕ್ಕೆ ವಿರುದ್ಧವಾದುದು. ಯಂತ್ರದ ಕಣ್ಣು ತನ್ನೆದುರಿಗೆ ಇರುವುದನ್ನು ಮಾತ್ರ ಗ್ರಹಿಸಬಲ್ಲುದು. ಆದುದರಿಂದ ಅದು ‘ಇಂದು’ ಒಂದನ್ನೇ ಕೊಡುತ್ತದೆ. ಅಂದಿನದನ್ನು ಮತ್ತೊಂದು ಕಡೆಯಿಂದ ತರಬೇಕು. ತಾರದಿದ್ದರೆ ಏನಾಗುತ್ತದೆಂಬುದಕ್ಕೆ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಚರ್ಚಿನ ಚಿತ್ರಗಳೇ ಉದಾಹರಣೆ. ೧೯ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಈ ದೇವಮಂದಿರವು ಗೊರೂರಿನ ಹೇಮಾವತಿ ಅಣೆಕಟ್ಟಿನ ನೀರು ಹರಡಿದ ಮೇಲೆ ನಿರ್ಜನವಾಯಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಬೇಸಗೆಯಲ್ಲಿ ಮತ್ತೆ ಮೇಲೇಳುತ್ತದೆ. ಅದರ ಚಿತ್ರಗಳನ್ನು ಕಾಣದವರು ಇಂದು ಯಾರಿದ್ದಾರೆ? ಮಂಜು, ನೀರಿನಲ್ಲಿ ಕಮಾನುಗಳ ಪ್ರತಿಬಿಂಬ, ಮುರಿದ ಗೋಡೆಯ ಮೇಲೆ ಒಂದು ಹಕ್ಕಿ: ಎಲ್ಲವೂ ಮನೋಹರ. ಆದರೆ ಅಲ್ಲಿ ಪ್ರಾರ್ಥನೆ ಸಲ್ಲಿಸುತ್ತಿದ್ದ ಒಕ್ಕಲುಗಳು ಊರು ಬಿಟ್ಟು ಎಲ್ಲಿಗೆ ಹೋದರು, ಅವರ ಹೊಲಗಳು ಯಾವ ದಿಕ್ಕಿನ ನೀರಿನ ಅಡಿಯಲ್ಲಿವೆ ಎಂಬುದನ್ನು ಆ ಚಿತ್ರಗಳಲ್ಲಿ ನೂರಕ್ಕೆ ಒಂದಾದರೂ ಸೂಚಿಸುವುದನ್ನು ನಾನು ಕಾಣೆ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಉದ್ದೀಪನ ವಿಭಾವವು ಯಥೇಚ್ಛವಾಗಿದೆ. ಆಲಂಬನ ವಿಭಾವವೇ ಇಲ್ಲ. ಯಾರಿಗಾಗಿ ಶೋಕ ಎಂಬುದು ತಿಳಿಯದೆ ಕರುಣರಸವು ಹುಟ್ಟಲಾರದು. ಹುಟ್ಟುವುದು ಒಂದು ಬಗೆಯ ಹಿತವಾದ ವಿಷಾದ ಮಾತ್ರ.

ಇದಕ್ಕೆ ಪ್ರತಿಯಾಗಿ ಹಂಪೆಯ ಚಿತ್ರಗಳನ್ನು ನೋಡಬೇಕು. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಮೇಣ ಸವರಿದ ಕಾಗದದ ನೆಗೆಟಿವುಗಳ ಮೇಲೆ ಆ ಪಾಳು ಪಟ್ಟಣದ ದೊಡ್ಡ ದೊಡ್ಡ ಚಿತ್ರಗಳನ್ನು ತೆಗೆದನು. ೧೯೮೩ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬವರು ಆತನು ನಿಂತಿದ್ದ ಸ್ಥಳಗಳನ್ನೇ ಹುಡುಕಿ, ಅಲ್ಲಿಯೇ ನಿಂತು, ಅದೇ ದೃಶ್ಯಗಳನ್ನು ಮತ್ತೆ ಸೆರೆಹಿಡಿದರು. ಇಬ್ಬರ ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟರೆ ಕಾಳಿದಾಸನ ಶ್ಲೋಕದ ಎರಡು ಪಾರ್ಶ್ವಗಳೂ ಕೂಡಿಬರುತ್ತವೆ. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನೇ ತೆಗೆದುಕೊಳ್ಳಿ. ಅದು ವಾಸ್ತವವಾಗಿ ಗರುಡನ ಗುಡಿ. ಗ್ರೀನ್‌ಲಾನ ಚಿತ್ರದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವು ಸ್ಪಷ್ಟವಾಗಿ ಕಾಣುತ್ತದೆ. ಅನಂತರದ ಕಾಲದಲ್ಲಿ ಅದನ್ನು ತೆಗೆದುಹಾಕಿದರು. ೨೦೧೭ರಲ್ಲಿ ಹೊರಟ ಐವತ್ತು ರೂಪಾಯಿಯ ನೋಟಿನ ಮೇಲೆ ಅಚ್ಚಾಗಿರುವುದು ಶಿಖರವಿಲ್ಲದ ರಥ. ಕೋಟ್ಯಂತರ ಜನರ ಕೈಯಲ್ಲಿ ಓಡಾಡುವ ಆ ರೂಪವೇ ಅದರ ಮೂಲರೂಪವೆಂದು ನಾವು ನಂಬಿಬಿಡುತ್ತಿದ್ದೆವು. ನಂಬದಂತೆ ತಡೆಯುವುದು ಮೇಣದ ಕಾಗದದ ಒಂದು ಹಾಳೆ. ದಾಖಲೆಯೆಂದರೆ ಇದು. ಅದರಲ್ಲಿ ಸೌಂದರ್ಯವೂ ಕಡಿಮೆಯಿಲ್ಲ.

ಮೋಟಾರುಗಳ ವಿಷಯದಲ್ಲಿಯೂ ನ್ಯಾಯವು ಒಂದೇ. ಅಂಬಾಸಡರ್ ಕಾರಿನ ತಯಾರಿಕೆಯು ೨೦೧೪ರಲ್ಲಿ ಉತ್ತರಪಾಡಾ ಕಾರ್ಖಾನೆಯಲ್ಲಿ ನಿಂತುಹೋಯಿತು. ಅಂದಿನಿಂದ ಬಳ್ಳಿ ಹಬ್ಬಿದ ಅಂಬಾಸಡರಿನ ಚಿತ್ರಕ್ಕೆ ಬೇಡಿಕೆ ಹೆಚ್ಚು. ಬಳ್ಳಿಯ ಹೂವು ಚಿತ್ರದಲ್ಲಿ ಬರುತ್ತದೆ. ನಂಬರಿನ ಫಲಕವು ಮಾತ್ರ ಚೌಕಟ್ಟಿನ ಹೊರಗೆ ಉಳಿದುಬಿಡುತ್ತದೆ. ನಮ್ಮ ನಾಡಿನ ಗಾಡಿಗಳಿಗೆ ‘ಕೆ.ಎ.’ ಎಂಬ ಅಕ್ಷರಗಳು ಬಂದುದು ೧೯೮೯ರ ನಿಯಮಗಳಿಂದ ಈಚೆಗೆ. ಅದಕ್ಕೆ ಹಿಂದಿನ ಅಕ್ಷರಗಳಿರುವ ಫಲಕವೊಂದು ಗಾಡಿಯ ಕಾಲವನ್ನು ತಾನೇ ಹೇಳುತ್ತದೆ. ದುಷ್ಯಂತನು ಶಕುಂತಲೆಗೆ ಕೊಟ್ಟ ಉಂಗುರದಲ್ಲಿ ಅವನ ಹೆಸರಿನ ಅಕ್ಷರಗಳು ಕೆತ್ತಿದ್ದುವೆಂಬುದನ್ನು ಇಲ್ಲಿ ನೆನೆಯಬಹುದು. ಅಕ್ಷರವಿಲ್ಲದಿದ್ದರೆ ಮೀನಿನ ಹೊಟ್ಟೆಯಲ್ಲಿ ಸಿಕ್ಕಿದುದು ಯಾರದೋ ಒಡವೆಯಾಗುತ್ತಿತ್ತು, ಅಭಿಜ್ಞಾನವಾಗುತ್ತಿರಲಿಲ್ಲ.

ಈ ಮಾತನ್ನು ನಾನು ಶಾಸ್ತ್ರದ ಬಲದಿಂದ ಮಾತ್ರ ಹೇಳುತ್ತಿಲ್ಲ. ಹೋದ ವರ್ಷ ಒಂದು ಚಿತ್ರಪ್ರದರ್ಶನಕ್ಕೆ ಹೋಗಿದ್ದೆ. ಅಲ್ಲಿ ಒಂದು ಚಿತ್ರದ ಕೆಳಗೆ ‘ಮೌನ’ ಎಂದು ಬರೆದಿತ್ತು. ಸೂರು ಕುಸಿದ ಪಡಸಾಲೆ, ಓರೆಯಾಗಿ ಬಿದ್ದ ಬಿಸಿಲು, ಗೋಡೆಯಲ್ಲಿ ಮೂರು ಗೂಡುಗಳು. ನಡುವಣ ಗೂಡಿನ ಮೇಲೆ ಎಣ್ಣೆದೀಪದ ಮಸಿ. ಆ ಮಸಿಯನ್ನು ಕಂಡು ನಾನು ಅಲ್ಲಿಯೇ ನಿಂತೆ. ಅದು ನಾನು ಓದಿದ ಪಾಠಶಾಲೆ. ಬೆಳಗಿನ ಜಾವದಿಂದ ಇಪ್ಪತ್ತು ಮಂದಿ ಹುಡುಗರು ಅಮರವನ್ನೂ ಸೂತ್ರಪಾಠವನ್ನೂ ಒಟ್ಟಿಗೆ ಕೂಗುತ್ತಿದ್ದ ಆ ಪಡಸಾಲೆಯಷ್ಟು ಗದ್ದಲದ ಸ್ಥಳ ನಮ್ಮ ಊರಿನಲ್ಲಿ ಮತ್ತೊಂದಿರಲಿಲ್ಲ. ನೆರೆಯವರು ದೂರು ಹೇಳಿದ್ದೂ ಉಂಟು. ಚಿತ್ರವನ್ನು ತೆಗೆದ ಹುಡುಗನನ್ನು ಕೇಳಿದೆ. ‘ಯಾರ ಕಟ್ಟಡವೋ ಗೊತ್ತಿಲ್ಲ ಸ್ವಾಮಿ, ಬಾಗಿಲು ತೆರೆದಿತ್ತು’ ಎಂದನು. ಆ ವೇಳೆಗೆ ಕಟ್ಟಡವನ್ನು ಕೆಡವಿ ಆಗಿತ್ತು. ಅದರ ಚಿತ್ರವೆಂಬುದು ಜಗತ್ತಿನಲ್ಲಿ ಅದೊಂದೇ ಇದ್ದೀತು. ಅದಕ್ಕೆ ಇದ್ದ ಹೆಸರು ‘ಮೌನ’!

ಆ ಹುಡುಗನು ಸಜ್ಜನನು. ಮಾರನೆಯ ದಿನ ನನ್ನ ಮನೆಗೆ ಬಂದು, ನಾನು ಹೇಳಿದುದನ್ನೆಲ್ಲ ಬರೆದುಕೊಂಡನು. ಗುರುಗಳು ಯಾವ ಕಂಬಕ್ಕೆ ಒರಗಿ ಕುಳಿತುಕೊಳ್ಳುತ್ತಿದ್ದರು, ಒದ್ದೆ ಪಂಚೆಗಳನ್ನು ಎಲ್ಲಿ ಹರಡುತ್ತಿದ್ದೆವು, ದೀಪಕ್ಕೆ ಎಣ್ಣೆ ಯಾರ ಮನೆಯಿಂದ ಬರುತ್ತಿತ್ತು ಎಂಬುದೆಲ್ಲ ಈಗ ಆ ಚಿತ್ರದ ಬೆನ್ನಿನ ಮೇಲಿದೆ. ಚಿತ್ರದ ಬಿಸಿಲು ಮೊದಲಿನಷ್ಟೇ ಸೊಗಸಾಗಿದೆ.

ಕಲೆಗೆ ಹೆಸರು, ತಾರೀಖುಗಳ ಹಂಗೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಕಲೆಯೆಂದೇ ಕರೆದು ಗೋಡೆಗೆ ತೂಗುಹಾಕುವವರೊಡನೆ ನನಗೆ ಜಗಳವಿಲ್ಲ. ದಾಖಲೆಯೆಂದು ಕರೆಯುವವರು ಮಾತ್ರ ಆ ಶಬ್ದದ ಋಣವನ್ನು ತೀರಿಸಬೇಕು. ಊರು ಯಾವುದು, ತೆಗೆದ ದಿನ ಯಾವುದು, ಯಾವ ದಿಕ್ಕಿಗೆ ಮುಖಮಾಡಿ ತೆಗೆದುದು, ಇಲ್ಲಿ ಮೊದಲು ಏನು ನಡೆಯುತ್ತಿತ್ತು, ಅದನ್ನು ಹೇಳಿದವರು ಯಾರು: ಈ ಐದನ್ನು ಬರೆದಿಡುವುದಕ್ಕೆ ಕಾಲು ಗಂಟೆ ಸಾಕು. ಪಾಳುಗೋಡೆಯು ಇನ್ನೂ ಹತ್ತು ಮಳೆಗಾಲ ನಿಂತೀತು. ಅದರ ಒಳಗೆ ಬಾಳಿದ ಮುದುಕರು ಅಷ್ಟು ಕಾಲ ಕಾಯಲಾರರು. ಆದುದರಿಂದ ತರುಣ ಮಿತ್ರರು ಬಾಗಿಲು ತೆರೆದಿದೆಯೆಂದು ಒಳಹೊಗುವ ಮೊದಲು ಪಕ್ಕದ ಮನೆಯ ಬಾಗಿಲನ್ನು ಒಮ್ಮೆ ತಟ್ಟಬೇಕೆಂದು ನನ್ನ ಪ್ರಾರ್ಥನೆ.