ಸಾಕ್ಷಿಯ ಸಾಲಿನಲ್ಲಿ ನಿಂತ ಮೂಲಪುರುಷ

ವಂಶಾವಳಿಯ ಪುಸ್ತಕವನ್ನು ಯಾರೂ ಓದುವುದಿಲ್ಲ. ಬೇಕಾದ ಹೆಸರು ಹುಡುಕಿ ಮುಚ್ಚಿಡುತ್ತಾರೆ. ನಾನೂ ಹಾಗೇ ಶುರುಮಾಡಿದ್ದೆ. ಸ್ಕಾಟ್ಲೆಂಡಿನ ಲಾವಣಿಗಳಲ್ಲಿ ಮತ್ತೆ ಮತ್ತೆ ಬರುವ ಡಗ್ಲಸ್ ಮನೆತನದ ಮೂಲ ಯಾವುದೆಂದು ನೋಡಹೋಗಿ, ಮೂರು ಕಾಲದ ಮೂರು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡೆ. ಮೂರೂ ಬೇರೆ ಬೇರೆ ಕಡೆಯಿಂದ ಶುರುವಾಗುತ್ತಿದ್ದವು.

ಮೊದಲನೆಯದು, 1644ರಲ್ಲಿ ಅಚ್ಚಾದ ಡೇವಿಡ್ ಹ್ಯೂಮ್‌ನ ಚರಿತ್ರೆ. ಅದರ ಮೂಲಪುರುಷ 8ನೇ ಶತಮಾನದವನು. ರಾಜನ ಸೇನೆ ಸೋಲುತ್ತಿದ್ದಾಗ ಅಪರಿಚಿತನೊಬ್ಬ ನುಗ್ಗಿ ಗೆಲ್ಲಿಸುತ್ತಾನೆ. ಯಾರವನು ಎಂದು ರಾಜ ಕೇಳಿದರೆ, ‘ಶೋಲ್ಟೊ ಡು ಗ್ಲಾಸ್’, ಅಗೋ ಆ ಕಪ್ಪು ಮೈಬಣ್ಣದವನು ಎಂಬ ಉತ್ತರ ಬರುತ್ತದೆ. ನಮಗೆ ‘ಹೊಯ್ ಸಳ’ ನೆನಪಾಗದೆ ಇರದು. ಅಲ್ಲೂ ಒಂದು ಕೂಗೇ ವಂಶದ ಹೆಸರಾಗಿದೆ. ಎರಡರಲ್ಲೂ ಹೆಸರು ಮೊದಲು, ಕಥೆ ಆಮೇಲೆ. ಗೇಲಿಕ್‌ನಲ್ಲಿ ಡಗ್ಲಸ್ ಎಂದರೆ ಕಪ್ಪು ಹೊಳೆ. ಹೊಳೆಯಿಂದ ಊರಿಗೆ, ಊರಿಂದ ಮನೆತನಕ್ಕೆ ಹೆಸರು ಬಂತು. ಹ್ಯೂಮ್ ಆ ಮನೆತನದ ಆಂಗಸ್ ಶಾಖೆಯ ಅರ್ಲ್ ಒಬ್ಬನಿಗೆ ಕಾರ್ಯದರ್ಶಿಯಾಗಿದ್ದವನು. ಅನ್ನ ಕೊಟ್ಟ ಮನೆಗೆ ಪ್ರಾಚೀನತೆಯನ್ನು ಕೊಟ್ಟ.

ಎರಡನೆಯದು, ಜಾರ್ಜ್ ಚಾಮರ್ಸ್‌ನ ‘ಕ್ಯಾಲಿಡೋನಿಯ’ (1807). ಈತ ದಂತಕಥೆಯನ್ನು ತಳ್ಳಿಹಾಕಿ ದಾಖಲೆ ಹಿಡಿದ. 12ನೇ ಶತಮಾನದಲ್ಲಿ ಕೆಲ್ಸೊ ಮಠದಿಂದ ಡಗ್ಲಸ್ ಹೊಳೆಯ ಬದಿಯ ಜಮೀನು ಪಡೆದ ಥಿಯೋಬಾಲ್ಡ್ ಎಂಬ ಫ್ಲೆಮಿಷ್ ವಲಸೆಗಾರನೇ ಮೂಲಪುರುಷ ಎಂದ. ದಾಖಲೆ ನಿಜ, ಕೊಂಡಿ ಮಾತ್ರ ಊಹೆ.

ಮೂರನೆಯದು, ವಿಲಿಯಂ ಫ್ರೇಸರ್‌ನ ನಾಲ್ಕು ಸಂಪುಟಗಳ ‘ಡಗ್ಲಸ್ ಬುಕ್’ (1885). ಫ್ರೇಸರ್ ಕೂಡ ಶ್ರೀಮಂತ ಮನೆತನಗಳಿಗಾಗಿಯೇ ಪುಸ್ತಕ ಮಾಡುತ್ತಿದ್ದವನು. ಆದರೂ ಥಿಯೋಬಾಲ್ಡ್‌ನ ಜಮೀನೇ ಬೇರೆ, ಡಗ್ಲಸ್‌ರ ನೆಲವೇ ಬೇರೆ ಎಂದು ಆ ಕೊಂಡಿಯನ್ನು ಕಳಚಿದ. ಕೊನೆಗೆ ಖಚಿತವಾಗಿ ಉಳಿಯುವುದು ಡಗ್ಲಸ್‌ನ ವಿಲಿಯಂ. 1174 ಮತ್ತು 1199ರ ನಡುವಿನ ಪತ್ರವೊಂದರ ಸಾಕ್ಷಿಗಳ ಸಾಲಿನಲ್ಲಿ ಅವನ ಹೆಸರಿದೆ. ಯುದ್ಧ ಗೆದ್ದವನಲ್ಲ, ಇನ್ನೊಬ್ಬರ ವ್ಯವಹಾರಕ್ಕೆ ಸಾಕ್ಷಿ ನಿಂತವನು.

ಈ ಪತ್ರಗಳಲ್ಲಿ ಹೆಣ್ಣುಮಕ್ಕಳು ಇನ್ನೂ ಮಸುಕು. ವಿಲಿಯಂನ ಮಗ, ಮೊರೇ ಪ್ರಾಂತ್ಯದ ಬಿಷಪ್ ಬ್ರೈಸ್, ಕೆರ್ಡಲ್‌ನ ಫ್ರೆಸ್ಕಿನ್‌ನನ್ನು ಲ್ಯಾಟಿನ್ನಿನಲ್ಲಿ ‘ಅವುಂಕ್ಯುಲಸ್’ ಎನ್ನುತ್ತಾನೆ. ಇಂಗ್ಲಿಷಿನ ‘ಅಂಕಲ್’ನಲ್ಲಿ ಆ ಸಂಬಂಧ ಕರಗಿಹೋಗುತ್ತದೆ. ಕನ್ನಡದಲ್ಲಿ ‘ಸೋದರಮಾವ’ ಎಂದು ಓದಿದೊಡನೆ ನಡುವೆ ಒಬ್ಬಳು ತಾಯಿ ಕಾಣುತ್ತಾಳೆ. ಅವಳು ಯಾರ ತಂಗಿಯೋ ಅಕ್ಕನೋ ಎಂಬುದನ್ನು ತಿಳಿಯಲು ಆ ಒಂದು ಪದವೇ ಆಧಾರ.

ಹ್ಯೂಮ್‌ನನ್ನು ನೋಡಿ ನಗುವುದು ಸುಲಭ. ನನಗೆ ಭಯ ಹುಟ್ಟಿಸಿದವನು ಚಾಮರ್ಸ್. ನನ್ನ ಪ್ರಬಂಧದಲ್ಲಿ ಕವಿಯೊಬ್ಬನ ಗುರುಪರಂಪರೆಯ ಒಂದು ಕೊಂಡಿ ಸಿಕ್ಕಿರಲಿಲ್ಲ. ಮೊದಲ ಕರಡಿನಲ್ಲಿ ‘ಶಿಷ್ಯನಿರಬಹುದು’ ಎಂದು ಬರೆದಿದ್ದೆ. ಮೂರನೆಯ ಕರಡಿನಲ್ಲಿ ಅದು ‘ಶಿಷ್ಯ’ ಆಗಿತ್ತು. ನಡುವೆ ಹೊಸ ಆಧಾರವೇನೂ ಸಿಕ್ಕಿರಲಿಲ್ಲ. ವಾಕ್ಯ ಚೆನ್ನಾಗಿ ಕೂರಲಿ ಎಂದಷ್ಟೇ ತಿದ್ದಿದ್ದೆ.

ಕಳೆದ ವಾರ ಆ ‘ಇರಬಹುದು’ವನ್ನು ಮರಳಿ ಸೇರಿಸಿದೆ. ವಾಕ್ಯ ಸ್ವಲ್ಪ ಕುಂಟುತ್ತದೆ. ಕುಂಟಲಿ.