ಐದು ಹೆಸರುಗಳು: ಒಂದು ಕಾದಂಬರಿಯ ಮೊದಲ ಅಧ್ಯಾಯವನ್ನು ಕುರಿತು

ಮನೆಯ ಆಯವನ್ನು ಬಾಗಿಲಿನಲ್ಲೇ ಅರಿಯಬಹುದೆಂದು ಹಿರಿಯರು ಹೇಳುವುದುಂಟು. ಕಾದಂಬರಿಯ ವಿಷಯದಲ್ಲಿಯೂ ಈ ಮಾತು ಬಹುಮಟ್ಟಿಗೆ ಸತ್ಯ. ಕೆನಡಾ ದೇಶದ ಲೇಖಕಿ ಮಾರ್ಗರೆಟ್ ಅಟ್‌ವುಡ್ ಅವರು 1984ರಲ್ಲಿ ಪಶ್ಚಿಮ ಬರ್ಲಿನ್ ನಗರದಲ್ಲಿದ್ದಾಗ ಬರೆಯತೊಡಗಿ 1985ರಲ್ಲಿ ಪ್ರಕಟಿಸಿದ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಎಂಬ ಕಾದಂಬರಿಯ ಮೊದಲ ಅಧ್ಯಾಯವು ಎರಡು ಮೂರು ಪುಟಗಳಷ್ಟು ಮಾತ್ರ. ಆದರೆ ಇಡೀ ಕೃತಿಯ ಬೀಜವೆಲ್ಲ ಆ ಪುಟಗಳಲ್ಲಿಯೇ ಅಡಗಿದೆ. ಆದ್ದರಿಂದ ಇಲ್ಲಿ ಅಷ್ಟನ್ನೇ ಪರಿಶೀಲಿಸುವುದು ನನ್ನ ಉದ್ದೇಶ.

ಕಥೆಯ ಹಿನ್ನೆಲೆಯನ್ನು ಮೊದಲು ತಿಳಿದಿರುವುದು ಒಳ್ಳೆಯದು. ಅಮೆರಿಕದ ಸರ್ಕಾರವನ್ನು ಉರುಳಿಸಿ ‘ಗಿಲಿಯಡ್’ ಎಂಬ ಹೊಸ ರಾಜ್ಯ ಸ್ಥಾಪಿತವಾಗಿದೆ. ಜನನಗಳು ವಿರಳವಾಗಿವೆ. ಹೆರಬಲ್ಲ ಸ್ತ್ರೀಯರನ್ನು ಹಿಡಿದು ತಂದು, ಅಧಿಕಾರಿಗಳ ಮನೆಗಳಲ್ಲಿ ಸಂತಾನಕ್ಕಾಗಿ ಇರಿಸುತ್ತಾರೆ. ಸ್ತ್ರೀಯರಿಗೆ ಆಸ್ತಿಯಿಲ್ಲ, ಉದ್ಯೋಗವಿಲ್ಲ, ಓದುವುದೇ ಅಪರಾಧ. ಇದಕ್ಕೆಲ್ಲ ಆಧಾರವಾಗಿ ಬೈಬಲ್ಲಿನಲ್ಲಿ ಬಂಜೆಯಾದ ರಾಚೇಲಳು ತನ್ನ ದಾಸಿಯನ್ನು ಪತಿಗೆ ಒಪ್ಪಿಸಿದ ಪ್ರಸಂಗವನ್ನು ಮುಂದೆ ಮಾಡುತ್ತಾರೆ.

ಇಂತಹ ಕೃತಿಗೆ ಧಾರ್ಮಿಕ ಮಾಸಿಕದಲ್ಲಿ ಎಡೆಯೇಕೆಂದು ಭಕ್ತವಾಚಕರು ಕೇಳಬಹುದು. ಈ ಕಾದಂಬರಿಯು ಧರ್ಮವನ್ನು ಹೀಯಾಳಿಸಲು ಬರೆದುದಲ್ಲವೆಂಬುದೇ ಅದಕ್ಕೆ ಉತ್ತರ. ಕಥೆಯಲ್ಲಿ ಓಡಿಹೋಗುವ ಸ್ತ್ರೀಯರನ್ನು ಪ್ರಾಣದ ಹಂಗು ತೊರೆದು ದಾಟಿಸುವವರು ಕ್ವೇಕರ್ ಪಂಥದ ಶ್ರದ್ಧಾವಂತರು. ಗಿಲಿಯಡ್ ಅವರನ್ನು ಬೇಟೆಯಾಡುತ್ತದೆ. ಇಲ್ಲಿ ಖಂಡನೆಗೆ ಒಳಗಾಗಿರುವುದು ಭಕ್ತಿಯಲ್ಲ, ಗ್ರಂಥವನ್ನು ಬಡಿಗೆಯಾಗಿ ಹಿಡಿದ ಅಧಿಕಾರ.

ಅಧ್ಯಾಯ ತೆರೆದುಕೊಳ್ಳುವುದು ರಾತ್ರಿಯಲ್ಲಿ. ಹದಿನೈದು ಭಾಗಗಳ ಈ ಕೃತಿಯಲ್ಲಿ ಏಳು ಭಾಗಗಳಿಗೆ ‘ರಾತ್ರಿ’ ಎಂದೇ ಶೀರ್ಷಿಕೆ. ಸ್ಥಳವು ಹಿಂದೆ ಶಾಲೆಯೊಂದರ ವ್ಯಾಯಾಮಶಾಲೆಯಾಗಿದ್ದ ವಿಶಾಲವಾದ ಕೊಠಡಿ. ನೆಲದ ಮೇಲೆ ಆಟಕ್ಕಾಗಿ ಬಳಿದ ಗೆರೆಗಳೂ ವೃತ್ತಗಳೂ ಇನ್ನೂ ಇವೆ. ಬಾಸ್ಕೆಟ್‌ಬಾಲ್ ಆಟದ ಬಳೆಗಳಿವೆ, ಬಲೆಗಳಿಲ್ಲ. ಅಲ್ಲಿ ಹಿಂದೆ ಆಡಿದ, ನರ್ತಿಸಿದ ಹುಡುಗಿಯರ ಬೆವರು, ಸುಗಂಧ, ಸಂಗೀತ ಇವು ಗಾಳಿಯಲ್ಲಿ ಉಳಿದಂತೆ ನಿರೂಪಕಿಗೆ ತೋರುತ್ತದೆ. ಈಗ ಅಲ್ಲಿ ಸೈನ್ಯದ ಮಂಚಗಳನ್ನು ಸಾಲಾಗಿ ಹಾಕಿದ್ದಾರೆ. ನಡುವೆ ಅಂತರವಿಟ್ಟಿರುವುದು ಒಬ್ಬರೊಡನೊಬ್ಬರು ಮಾತನಾಡದಿರಲೆಂದು. ಹೊದಿಕೆಗಳ ಮೇಲೆ ಈಗ ಇಲ್ಲದ ದೇಶವೊಂದರ ಹೆಸರಿನ ಅಕ್ಷರಗಳು ಅಳಿಯದೆ ಉಳಿದಿವೆ.

ಈ ವರ್ಣನೆಯಲ್ಲಿ ಗಮನಾರ್ಹವಾದುದು ಲೇಖಕಿಯ ಸಂಯಮ. ರಾಜ್ಯ ಹೇಗೆ ಬಿತ್ತು, ಈ ಸ್ತ್ರೀಯರ ಅಪರಾಧವೇನು, ಮುಂದೆ ಅವರ ಗತಿಯೇನು ಎಂಬ ಒಂದು ವಿವರಣೆಯೂ ಇಲ್ಲಿಲ್ಲ. ವಸ್ತುಗಳೇ ಮಾತನಾಡುತ್ತವೆ. ಜೀವಮಾನವನ್ನು ಶಾಲೆಯಲ್ಲಿ ಕಳೆದ ನನಗೆ, ಆಟದ ಗೆರೆಗಳ ಮೇಲೆ ಸೆರೆಯ ಮಂಚಗಳನ್ನಿಟ್ಟ ಆ ಚಿತ್ರಕ್ಕಿಂತ ಘೋರವಾದ ಪೀಠಿಕೆ ಬೇಕೆನಿಸಲಿಲ್ಲ. ವಿದ್ಯೆಯ ಮನೆಯನ್ನೇ ಮರೆವಿನ ಮನೆಯಾಗಿ ಮಾರ್ಪಡಿಸಿದ್ದಾರೆ ಎಂಬ ಅರ್ಥ ಟೀಕೆಯಿಲ್ಲದೆ ಹೊಳೆಯುತ್ತದೆ.

ಇನ್ನು ಭಾಷೆಯ ವಿಚಾರ. ಅಮೆರಿಕದ ಪ್ರಸಿದ್ಧ ಲೇಖಕಿ ಮೇರಿ ಮೆಕಾರ್ಥಿ ಅವರು 1986ರಲ್ಲಿ ಈ ಕೃತಿಯನ್ನು ವಿಮರ್ಶಿಸುತ್ತ, ಆರ್ವೆಲ್‌ನ ಕಾದಂಬರಿಯಲ್ಲಿರುವಂತೆ ಹೊಸ ಆಳ್ವಿಕೆಗೆ ತಕ್ಕ ಹೊಸ ಭಾಷೆಯನ್ನು ಇದು ಕಲ್ಪಿಸಿಲ್ಲವೆಂದು ಆಕ್ಷೇಪಿಸಿದರು. ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಈ ಆಕ್ಷೇಪ ನಿಲ್ಲದು. ದನಗಳನ್ನು ಅಟ್ಟುವ ವಿದ್ಯುತ್ ಕೋಲನ್ನು ಸೊಂಟಕ್ಕೆ ತೂಗುಹಾಕಿಕೊಂಡು ಮಂಚಗಳ ನಡುವೆ ಸುತ್ತುವ ಕಾವಲುಗಿತ್ತಿಯರಿಗೆ ‘ಆಂಟ್’ ಎಂದು ಹೆಸರು. ಚಿಕ್ಕಮ್ಮ, ದೊಡ್ಡಮ್ಮ, ಅತ್ತೆ ಎಲ್ಲರಿಗೂ ಸಲ್ಲುವ ವಾತ್ಸಲ್ಯದ ಪದವದು. ಬೇಲಿಯಾಚೆ ಬೆನ್ನು ತಿರುಗಿಸಿ ನಿಂತ ಬಂದೂಕಿನ ಸೈನಿಕರಿಗೆ ‘ಏಂಜೆಲ್’ ಎಂದು, ಅಂದರೆ ದೇವದೂತರೆಂದು ಹೆಸರು. ದಬ್ಬಾಳಿಕೆಗೆ ಹೊಸ ಪದಗಳನ್ನು ಟಂಕಿಸುವ ಶ್ರಮವೇಕೆ? ಮನೆಯ ಪದವನ್ನೂ ಮಂದಿರದ ಪದವನ್ನೂ ಕದ್ದರೆ ಸಾಕು. ‘ಅಕ್ಕ’ ಎಂಬ ಒಂದು ಬಾಂಧವ್ಯಪದವನ್ನೇ ಅನುಭಾವದ ಶಿಖರಕ್ಕೆ ಹೆಸರಾಗಿಸಿದ ಪರಂಪರೆಯ ನಮಗೆ ಈ ಕಳವಿನ ಕ್ರೌರ್ಯ ಬೇಗ ತಿಳಿಯುತ್ತದೆ. ‘ಆಂಟ್’ ಆದವರಿಗೂ ಬಂದೂಕನ್ನು ಕೊಟ್ಟಿಲ್ಲ ಎಂಬ ವಿವರವನ್ನು ಮರೆಯಬಾರದು. ಹೆಣ್ಣನ್ನು ಕಾಯಲು ನೇಮಿಸಿದ ಹೆಣ್ಣೂ ಅಲ್ಲಿ ವಿಶ್ವಾಸಾರ್ಹಳಲ್ಲ.

ಆ ಸೈನಿಕರು ಒಮ್ಮೆ ತಿರುಗಿ ನೋಡಿದರೆ ತಮ್ಮ ದೇಹವನ್ನಾದರೂ ಕೊಟ್ಟು ಏನನ್ನಾದರೂ ಪಡೆಯಬಹುದೇನೋ ಎಂದು ಆ ಸ್ತ್ರೀಯರು ಕಲ್ಪಿಸಿಕೊಳ್ಳುವ ಮಾತು ಕೆಲವರಿಗೆ ಅರುಚಿಯಾದೀತು. ಆದರೆ ಅದು ಪ್ರಾಮಾಣಿಕತೆಯ ಮಾತು. ಎಲ್ಲವನ್ನೂ ಕಸಿದುಕೊಂಡ ಮೇಲೆ ಉಳಿದ ಒಂದೇ ಒಡವೆಯನ್ನು ಬಂಧಿತರು ಎಣಿಸಿಕೊಳ್ಳುತ್ತಿದ್ದಾರೆ. ಲೇಖಕಿ ಅವರನ್ನು ದೇವತೆಗಳನ್ನಾಗಿ ಮಾಡದೆ ಮನುಷ್ಯರನ್ನಾಗಿ ಉಳಿಸಿದ್ದಾರೆ.

ಅಧ್ಯಾಯದ ಮುಕುಟಪ್ರಾಯವಾದ ಭಾಗ ಕೊನೆಯಲ್ಲಿದೆ. ಕಾವಲಿನವರ ಕಣ್ಣು ತಪ್ಪಿಸಿ ಆ ಸ್ತ್ರೀಯರು ಕತ್ತಲಲ್ಲಿ ಕೈಚಾಚಿ ಕೈಯನ್ನು ಮುಟ್ಟುತ್ತಾರೆ. ತುಟಿಯ ಚಲನೆಯನ್ನು ಓದಲು ಕಲಿಯುತ್ತಾರೆ. ಮಂಚದಿಂದ ಮಂಚಕ್ಕೆ ತಮ್ಮ ಹೆಸರುಗಳನ್ನು ದಾಟಿಸುತ್ತಾರೆ. ಐದು ಹೆಸರುಗಳೊಂದಿಗೆ ಅಧ್ಯಾಯ ಮುಗಿಯುತ್ತದೆ. ಮುಂದೆ ನಿರೂಪಕಿಗೆ ಸಿಗುವ ಹೆಸರು ‘ಆಫ್ರೆಡ್’. ‘ಫ್ರೆಡ್‌ನವಳು’ ಎಂದಷ್ಟೇ ಅದರ ಅರ್ಥ. ಯಜಮಾನ ಬದಲಾದರೆ ಹೆಸರೂ ಬದಲು. ಆಕೆಯ ನಿಜನಾಮವನ್ನು ಕೃತಿ ಎಲ್ಲಿಯೂ ಹೇಳುವುದಿಲ್ಲ. ಆ ಐದರಲ್ಲಿ ಬೇರೆ ಯಾರಿಗೂ ಸಲ್ಲದೆ ಉಳಿಯುವ ‘ಜೂನ್’ ಎಂಬುದೇ ಆಕೆಯದೆಂದು ಓದುಗರು ಊಹಿಸಿದರು. ತಮ್ಮ ಮೂಲ ಆಶಯ ಅದಲ್ಲವಾದರೂ ಊಹೆ ಹೊಂದುತ್ತದೆಂದು ಲೇಖಕಿಯೇ ಒಪ್ಪಿದ್ದಾರೆ.

ಇಲ್ಲಿ ನಮ್ಮ ವಚನಸಂಪುಟಗಳ ನೆನಪಾಗದಿರದು. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಎಡೆಮಠದ ನಾಗಿದೇವಯ್ಯಗಳ ಪುಣ್ಯಸ್ತ್ರೀ ಮಸಣಮ್ಮ ಎಂದು ಎಷ್ಟೋ ಶರಣೆಯರನ್ನು ಪತಿಯ ಹೆಸರಿನಿಂದಲೇ ಗುರುತಿಸಿದ್ದೇವೆ. ಇದನ್ನು ಮರೆಮಾಚಿ ಪರದೇಶದ ಕಥೆಯತ್ತ ಬೆರಳು ತೋರಿಸುವುದು ನ್ಯಾಯವಲ್ಲ. ಆದರೂ ಭೇದ ಮೂಲಭೂತವಾದುದು. ಕಾಳವ್ವೆ ಕಾಳವ್ವೆಯಾಗಿಯೇ ಉಳಿದಳು. ಆಕೆಯ ಮಾತೂ ಉಳಿಯಿತು. ಕದಿರೆ ರೆಮ್ಮವ್ವೆಯಂತೂ ತಾನು ನೂಲುವ ಕದಿರನ್ನೂ ತನ್ನ ಹೆಸರನ್ನೂ ದೇವರ ಅಂಕಿತದೊಳಗೇ ಸೇರಿಸಿದಳು. ದೇವರು ಅವಳ ಒಡೆಯನೆನಿಸಿದರೂ ಅವಳ ಹೆಸರನ್ನು ನುಂಗಲಿಲ್ಲ. ಗಿಲಿಯಡ್‌ನಲ್ಲಿ ಒಡೆಯನ ಹೆಸರು ಮಾತ್ರ ಉಳಿಯುತ್ತದೆ.

ಗುಣಗಳನ್ನು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಅಧ್ಯಾಯದ ಉದ್ದಕ್ಕೂ ಬರುವುದು ‘ನಾವು’ ಎಂಬ ಸರ್ವನಾಮ. ಈ ‘ನಾವು’ ಯಾರು? ನೃತ್ಯಕೂಟಗಳ ನೆನಪುಳ್ಳ, ಶಾಲೆ ಕಂಡ, ಅನುಕೂಲಸ್ಥ ತರುಣಿಯರು. ಗಿಲಿಯಡ್ ಕರಿಯ ಜನರನ್ನು ‘ಹ್ಯಾಮ್‌ನ ಮಕ್ಕಳು’ ಎಂದು ಕರೆದು ದೂರದ ಸೀಮೆಗೆ ಸಾಗಹಾಕಿದ ಸಂಗತಿ ಮುಂದೆಲ್ಲೋ ಒಂದು ಸುದ್ದಿಯಾಗಿ ಬಂದುಹೋಗುತ್ತದೆ. ಆ ಮಂಚಗಳ ಹಾಸಿಗೆ ಒಗೆದವರಾರು, ಅವರಿಗೆ ಅನ್ನ ಬೇಯಿಸಿದವರಾರು ಎಂಬ ಪ್ರಶ್ನೆ ಈ ಪುಟಗಳಲ್ಲಿ ಏಳುವುದೇ ಇಲ್ಲ. ಕಾಯಕವನ್ನು ಹೆಸರಿನೊಡನೆ ಕೂಡಿಸಿ ಹೇಳುವ ಸಾಹಿತ್ಯದಲ್ಲಿ ಬೆಳೆದ ಓದುಗನಿಗೆ ಈ ಮೌನ ದೊಡ್ಡದಾಗಿ ಕೇಳಿಸುತ್ತದೆ. ‘ನಾವು’ ಎಂಬುದರ ವ್ಯಾಪ್ತಿಯನ್ನು ಲೇಖಕಿ ಇನ್ನಷ್ಟು ಪರೀಕ್ಷಿಸಬಹುದಾಗಿತ್ತು.

ಕೊನೆಯದಾಗಿ, ಸಾಹಿತ್ಯದ ವಿದ್ಯಾರ್ಥಿಗಳಿಗೆ ಒಂದು ಮಾತು. ಕಾದಂಬರಿಯ ಅಂತ್ಯದಲ್ಲಿ 2195ರಲ್ಲಿ ನಡೆಯುವ ವಿದ್ವದ್ಗೋಷ್ಠಿಯೊಂದರ ವರದಿಯಿದೆ. ಆಕೆಯ ಕಥೆ ಧ್ವನಿಮುದ್ರಿಕೆಗಳಲ್ಲಿ ದೊರೆತಿದೆ. ಪ್ರಾಧ್ಯಾಪಕನೊಬ್ಬ ಅವುಗಳ ಕಾಲ, ಸ್ಥಳಗಳನ್ನು ವಿನೋದದ ಮಾತುಗಳ ನಡುವೆ ನಿರ್ಣಯಿಸುತ್ತಾನೆ. ಆದರೆ ಅವನ ಪರಿಶ್ರಮದ ಬಹುಪಾಲು ‘ಫ್ರೆಡ್’ ಯಾರೆಂದು ಕಂಡುಹಿಡಿಯುವುದಕ್ಕೇ ವ್ಯಯವಾಗುತ್ತದೆ. ಮೊದಲ ಅಧ್ಯಾಯದಲ್ಲಿ ಮಂಚದಿಂದ ಮಂಚಕ್ಕೆ ಜೀವದ ಹಂಗಿನಲ್ಲಿ ದಾಟಿಬಂದ ಹೆಸರು ವಿದ್ವಾಂಸನ ಮೇಜಿನ ಮೇಲೆ ಕಳೆದುಹೋಗುತ್ತದೆ. ಗಿಲಿಯಡ್ ಮಾಡಿದ ಕೆಲಸವನ್ನು ಸಂಶೋಧನೆ ಪೂರ್ಣಗೊಳಿಸುತ್ತದೆ.

ವಚನಗಳ ಪಾಠ, ಕಾಲ, ಅಂಕಿತಗಳನ್ನು ನಿರ್ಣಯಿಸುವ ನಮಗೂ ಈ ಎಚ್ಚರಿಕೆ ಸಲ್ಲುತ್ತದೆ. ಕಾಳವ್ವೆಯ ವಚನವನ್ನು ಕೈಗೆತ್ತಿಕೊಂಡು, ಟಿಪ್ಪಣಿಯಲ್ಲಿ ಆಕೆಯ ಪತಿಯ ಚರಿತ್ರೆಯನ್ನೇ ಬರೆದು ಮುಗಿಸಿದ ಸಂದರ್ಭಗಳು ನಮ್ಮಲ್ಲಿಯೂ ಇವೆ. ನನ್ನ ಹಳೆಯ ಪಾಠದ ಟಿಪ್ಪಣಿಗಳೂ ಅದಕ್ಕೆ ಹೊರತಲ್ಲ. ಕತ್ತಲಲ್ಲಿ ತುಟಿಯಾಡಿಸಿದವಳು ಕೇಳಿದ್ದು ತನ್ನ ಹೆಸರು ಇನ್ನೊಬ್ಬರಿಗೆ ತಲುಪಲಿ ಎಂದಷ್ಟೇ. ಓದುಗನ ಮೊದಲ ಕರ್ತವ್ಯವೂ ಅದೇ.