ಸಿದ್ದನ ಅಪರಾಧ

ಸಣ್ಣ ಕಳ್ಳರ ಕಥೆಗೆ ನಗುವುದು ಲೋಕರೂಢಿ. 1981ರಲ್ಲಿ ಆರಂಭವಾದ ಬಿ.ಬಿ.ಸಿ.ಯ ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ ಎಂಬ ದೂರದರ್ಶನ ಪ್ರಹಸನದಲ್ಲಿ ಲಂಡನ್ನಿನ ಬಡ ಸಹೋದರರು ಕಳ್ಳಮಾಲನ್ನು ಮಾರುತ್ತ ನಗಿಸುವರು. ಅಲ್ಲಿ ಬಡವನೇ ಕಥೆಯ ಯಜಮಾನನು. ನಮ್ಮ ಜಿಲ್ಲೆಯ ಆಗುಂಬೆಯಲ್ಲಿ ಶಂಕರನಾಗರು ಚಿತ್ರಿಸಿದ, 1986ರ ‘ಮಾಲ್ಗುಡಿ ಡೇಸ್’ ಮಾಲೆಯ ‘ಲೀಲಾಸ್ ಫ್ರೆಂಡ್’ ನೋಡುವಾಗಲಾದರೋ ಆ ನಗೆ ನಡುವೆಯೇ ನಿಲ್ಲುವುದು.

ಆರ್. ಕೆ. ನಾರಾಯಣರವರ ಈ ಕಥೆಯಲ್ಲಿ ಮನೆಯಾಳು ಸಿದ್ದನೂ ಐದು ವರ್ಷದ ಲೀಲೆಯೂ ಸ್ನೇಹಿತರು. ಚೆಂಡನ್ನು ಚಂದ್ರನಿಗೆ ಮುಟ್ಟಿಸಿದೆನೆಂದು ಅವನು ಹೇಳುವನು. ಅಕ್ಷರ ಕಲಿಸಲು ಅವಳು ಗುರುವಾಗುವಳು. ಮಗುವಿನ ಚಿನ್ನದ ಸರ ಕಾಣದಾಗಲು, ಸಿದ್ದನು ಹಿಂದೆ ಸೆರೆಮನೆ ಕಂಡವನೆಂಬುದೇ ಸಾಕ್ಷಿಯಾಗುವುದು. ಕಡೆಗೆ ಸರವು ಹುಣಿಸೆಯ ಮಡಕೆಯಲ್ಲಿ ದೊರೆತರೂ, ಇಂತಹವನನ್ನು ಮನೆಯಲ್ಲಿಟ್ಟುಕೊಳ್ಳಲಾಗದೆಂದೇ ತಂದೆಯ ತೀರ್ಪು.

ಕಥೆಗಾರರು ಆ ತಂದೆಯನ್ನು ದುಷ್ಟನನ್ನಾಗಿ ಮಾಡಿಲ್ಲ. ಅದೇ ಕಥೆಯ ಬಲ. ಅವನು ಸಭ್ಯ ಗೃಹಸ್ಥ, ವಿನೋಬನಗರದ ನಮ್ಮಂತಹವನೇ. ಸಿದ್ದನ ಹಳೆಯ ಕಳವಿಗೆ ಕಾನೂನು ದಂಡ ವಿಧಿಸಿ ಮುಗಿಸಿತ್ತು. ಈ ಮನೆಯ ತಪ್ಪಿಗೆ ದಂಡವೇ ಇಲ್ಲ. ವಸ್ತುವೊಂದು ಕಾಣದಾದಾಗ ನಮ್ಮ ಮನೆಗಳಲ್ಲಿ ಮೊದಲು ಯಾರ ಹೆಸರು ಹೊರಡುವುದೆಂಬುದನ್ನು ವಾಚಕರು ಬಲ್ಲರು. ಅವನನ್ನು ಬಿಡಿರೆಂದು ಬೇಡಿದವಳು ಲೀಲೆಯೊಬ್ಬಳೇ.